ಒಂದೇ ಸಲ ಎಂಎಸ್‌ಎನ್ ಮಾಡಲೇ, ಇನ್ನೊಂದು ಡಿಗ್ರಿ ಸಾಕೇ?

ಓದುಗರ ಪ್ರಶ್ನೆ:

"ನಾನು ದಾವಣಗೆರೆಯವಳು. 2012ರಲ್ಲಿ ಮೂರು ವರ್ಷದ ಬಿಎಸ್ಸಿ ಮುಗಿಸಿದೆ, ಸಿಬಿಜೆಡ್. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಮದುವೆಯಾಗಿ ಟೆಕ್ಸಾಸಿಗೆ ಬಂದೆ. ಈಗ ಡಲ್ಲಾಸ್ ಹತ್ತಿರ ಇದ್ದೇವೆ. ನನಗೆ 35, ಮಗಳಿಗೆ 6. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಅಂದಿನಿಂದ ನರ್ಸಿಂಗ್ ಮಾಡಬೇಕು ಅಂತ ಹಟ ಹಿಡಿದಿದ್ದೇನೆ. ಎರಡು ಕಡೆ ಷರತ್ತಿನ ಮೇಲೆ ಸೀಟು ಸಿಕ್ಕಿದೆ. ಒಂದು, ಸರ್ಕಾರಿ ವಿಶ್ವವಿದ್ಯಾಲಯದ 15 ತಿಂಗಳ ಎಬಿಎಸ್‌ಎನ್ (ಬೇರೆ ಡಿಗ್ರಿ ಇರುವವರಿಗೆ ಬೇಗ ಮುಗಿಯುವ ನರ್ಸಿಂಗ್ ಬ್ಯಾಚುಲರ್ಸ್), ಒಟ್ಟು 45,000 ಡಾಲರ್. ಇನ್ನೊಂದು, ಖಾಸಗಿ ವಿಶ್ವವಿದ್ಯಾಲಯದ 20 ತಿಂಗಳ ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್), 1,10,000 ಡಾಲರ್. ಯಜಮಾನರು ಒಂದೇ ಸಲ ಮಾಸ್ಟರ್ಸ್ ಮುಗಿಸಿಬಿಡು, ಇನ್ನೊಂದು ಡಿಗ್ರಿ ಮಾಡಿದರೆ ಹಿಂದಕ್ಕೆ ಹೋದ ಹಾಗೆ ಅಂತಾರೆ. ಪರಿಚಯದವರು ಕಮ್ಯುನಿಟಿ ಕಾಲೇಜಿಗೆ ಹೋಗು, ದುಡ್ಡು ಉಳಿಯುತ್ತೆ ಅಂತಾರೆ. ನಾದಿನಿ ಬೆಂಗಳೂರಿಗೆ ಬಂದು ಎಂಎಸ್ಸಿ ನರ್ಸಿಂಗ್ ಮಾಡು ಅಂತಾಳೆ. ಅಪ್ಪ ಸೈಟ್ ಮಾರಿ ಕಳಿಸುತ್ತೇನೆ ಅಂತ ಕೂತಿದ್ದಾರೆ. ಎಂಎಸ್‌ಎನ್ ಮಾಡಿದರೆ ನೇರವಾಗಿ ನರ್ಸ್ ಪ್ರ್ಯಾಕ್ಟೀಷನರ್, ಅಂದರೆ ರೋಗಿಗಳನ್ನು ತಾನೇ ಪರೀಕ್ಷಿಸಿ ಔಷಧಿ ಬರೆಯುವ ನರ್ಸ್, ಆಗಬಹುದಾ? ಸಂಬಳ ಜಾಸ್ತಿ ಬರುತ್ತಾ? ಇಷ್ಟು ಸಾಲ ಮಾಡಬಹುದಾ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಫೀಸಿನ ವಿಷಯ. ಆದರೆ ನಿಮ್ಮನ್ನು ಒಳಗಿಂದ ಕೊರೆಯುತ್ತಿರುವುದು ಆ "ಹಿಂದಕ್ಕೆ ಹೋದ ಹಾಗೆ" ಅನ್ನುವ ಮಾತು ಅಂತ ನನಗೆ ಅನ್ನಿಸಿತು. 35ಕ್ಕೆ ಮತ್ತೆ ಬ್ಯಾಚುಲರ್ಸ್ ಅಂದರೆ ಊರಲ್ಲಿ ಏನಂತಾರೋ ಅನ್ನುವ ಸಂಕೋಚ. ನಾನು ಕರ್ನಾಟಕದಲ್ಲೇ ನರ್ಸಿಂಗ್ ಕಲಿತು ಇಲ್ಲಿಗೆ ಬಂದವಳು. ಬಹಳ ವರ್ಷ ವಾರ್ಡ್‌ನಲ್ಲಿ ಕೆಲಸ ಮಾಡಿದೆ, ಈಗ ನಿಮ್ಮ ಹಾಗೆ ಬೇರೆ ಡಿಗ್ರಿ ಮಾಡಿ ಬಂದವರಿಗೆ ಆಸ್ಪತ್ರೆಯಲ್ಲೇ ನಿಂತು ಕೆಲಸ ಕಲಿಸುತ್ತೇನೆ. ನಿಮ್ಮ ಎರಡು ಕೋರ್ಸುಗಳ ವಿದ್ಯಾರ್ಥಿಗಳನ್ನೂ ಪಕ್ಕಪಕ್ಕದಲ್ಲೇ ನೋಡುತ್ತೇನೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬೆಳಗ್ಗೆ ಆರೂಮುಕ್ಕಾಲು. ರಾತ್ರಿ ಡ್ಯೂಟಿಯವರು ಬೆಳಗಿನವರಿಗೆ ಪೇಷಂಟ್‌ಗಳ ವಿವರ ಒಪ್ಪಿಸುತ್ತಿರುತ್ತಾರೆ. ನನ್ನ ಜೊತೆ ಇಬ್ಬರು ವಿದ್ಯಾರ್ಥಿನಿಯರು, ಒಬ್ಬಳು ಎಬಿಎಸ್‌ಎನ್, ಇನ್ನೊಬ್ಬಳು ಎಂಎಸ್‌ಎನ್. ಇಬ್ಬರಿಗೂ ಡ್ರಿಪ್ ಹಾಕುವ ಮೊದಲು ಟ್ಯೂಬಿನಿಂದ ಗಾಳಿ ತೆಗೆಯಬೇಕು. ಇಬ್ಬರ ಕೈಯೂ ನಡುಗುತ್ತದೆ. ಇಬ್ಬರೂ ಕ್ಲಾಂಪ್ ಮುಚ್ಚುವುದನ್ನು ಮರೆತು ಸಲೈನ್ ಚುಚ್ಚುತ್ತಾರೆ, ನೀರು ನೆಲಕ್ಕೆ ಸುರಿಯುತ್ತದೆ. ಬ್ಯಾಡ್ಜ್ ಮೇಲೆ ಕಾಲೇಜಿನ ಹೆಸರು ಬೇರೆ, ಕಲಿಯುತ್ತಿರುವುದು ಅದೇ. ಮುಗಿದ ಮೇಲೆ ಇಬ್ಬರೂ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್. ಪಾಸಾದರೆ ಸಿಗುವುದು ಒಂದೇ ಲೈಸೆನ್ಸು, ಆರ್‌ಎನ್ (ನೋಂದಾಯಿತ ನರ್ಸ್). ಲೈಸೆನ್ಸಿನ ಮೇಲೆ ನಿಮ್ಮದು ಯಾವ ಡಿಗ್ರಿ ಅಂತ ಬರೆದಿರುವುದಿಲ್ಲ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, 20 ತಿಂಗಳ ಎಂಎಸ್‌ಎನ್ ಮಾಡಿ ನೇರವಾಗಿ ನರ್ಸ್ ಪ್ರ್ಯಾಕ್ಟೀಷನರ್ ಆಗಲು ಬರುವುದಿಲ್ಲ. ಇಲ್ಲೇ ತುಂಬ ಜನ ಎಡವುತ್ತಾರೆ. ಬೇರೆ ಡಿಗ್ರಿಯವರಿಗೆ ಅಂತ ಇರುವ ಎಂಎಸ್‌ಎನ್‌ನಲ್ಲಿ ಎರಡು ಬಗೆ ಇದೆ. ಒಂದು ಬಗೆ ನಿಮ್ಮನ್ನು ಸಾಮಾನ್ಯ ಆರ್‌ಎನ್ ಮಾಡಿ ಬಿಡುತ್ತದೆ, ಜೊತೆಗೆ ಮಾಸ್ಟರ್ಸ್ ಪದವಿ ಕೊಡುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ 15 ತಿಂಗಳ ಕೋರ್ಸು, ಜಾನ್ಸ್ ಹಾಪ್ಕಿನ್ಸ್‌ನ ಐದು ಸೆಮಿಸ್ಟರಿನ ಕೋರ್ಸು ಎರಡೂ ಈ ಜಾತಿಯವು. ಇನ್ನೊಂದು ಬಗೆ ಸುಮಾರು ಮೂರು ವರ್ಷದ್ದು. ಮೊದಲ ವರ್ಷ ಆರ್‌ಎನ್ ಪಾಠ, ಆಮೇಲೆ ಎರಡು ವರ್ಷ ಮಕ್ಕಳ ವಿಭಾಗವೋ ಮನೋರೋಗವೋ ಫ್ಯಾಮಿಲಿ ಪ್ರ್ಯಾಕ್ಟೀಸೋ, ಯಾವುದೋ ಒಂದು ವಿಶೇಷ ವಿಷಯ. ಯೇಲ್‌ನಲ್ಲಿ ಇರುವುದು ಅಂಥದ್ದು. ನಿಮ್ಮದು 20 ತಿಂಗಳು ಅಂದ ಮೇಲೆ ಅದು ಮೊದಲನೇ ಬಗೆಯದೇ ಇರಬೇಕು. ಕಾಲೇಜಿನವರನ್ನು ಬಾಯಿ ಬಿಟ್ಟು ಕೇಳಿ: ಈ ಕೋರ್ಸ್ ಮುಗಿದ ದಿನ ನಾನು ಎನ್‌ಕ್ಲೆಕ್ಸ್ ಬಿಟ್ಟು ಇನ್ಯಾವ ಪರೀಕ್ಷೆ ಬರೆಯಬಹುದು? ಕ್ಲಿನಿಕಲ್ ನರ್ಸ್ ಲೀಡರ್ ಪರೀಕ್ಷೆ ಅಂತ ಹೇಳಬಹುದು. ಅದೊಂದು ಒಳ್ಳೆಯ ಸರ್ಟಿಫಿಕೇಟ್, ಆದರೆ ಅದು ನರ್ಸ್ ಪ್ರ್ಯಾಕ್ಟೀಷನರ್ ಲೈಸೆನ್ಸ್ ಅಲ್ಲ. ಅದಕ್ಕಾಗಿಯೇ ಹುದ್ದೆ ಇಟ್ಟಿರುವ ಆಸ್ಪತ್ರೆಗಳೂ ಎಲ್ಲ ಕಡೆ ಇಲ್ಲ.

ಇನ್ನು ಸಂಬಳ. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಒಮ್ಮೆ ಕ್ಯಾಂಟೀನಿನಲ್ಲಿ ನನ್ನ ಎದುರೇ ಪೇ ಸ್ಲಿಪ್ ಹೋಲಿಸಿ ನೋಡಿದರು. ಒಬ್ಬಳು ಎಂಎಸ್‌ಎನ್, ಇನ್ನೊಬ್ಬಳು ಎಬಿಎಸ್‌ಎನ್. ಗಂಟೆಯ ಕೂಲಿ ಸೆಂಟಿಗೆ ಸೆಂಟು ಸಮ. ಎಂಎಸ್‌ಎನ್ ಹುಡುಗಿಯ ಮುಖ ಸಪ್ಪಗಾಯಿತು, ನನಗೂ ಸಂಕಟವಾಯಿತು. ಕೆಲವು ಆಸ್ಪತ್ರೆಗಳಲ್ಲಿ ಮಾಸ್ಟರ್ಸ್‌ಗೆ ಅಂತ ಗಂಟೆಗೆ ಸ್ವಲ್ಪ ಜಾಸ್ತಿ ಕೊಡುವುದುಂಟು. ಆದರೆ ಬೆಡ್‌ಸೈಡ್ ನರ್ಸಿಗೆ ಸಂಬಳ ಏರುವುದು ಮುಖ್ಯವಾಗಿ ಅನುಭವದ ಮೇಲೆ, ರಾತ್ರಿ ಪಾಳಿಯ ಮೇಲೆ, ಯಾವ ಊರು ಅನ್ನುವುದರ ಮೇಲೆ. ಅಮೆರಿಕದ ಕಾರ್ಮಿಕ ಇಲಾಖೆಯ 2024ರ ಲೆಕ್ಕದಲ್ಲಿ ಆರ್‌ಎನ್‌ಗಳ ಮಧ್ಯಮ ಸಂಬಳ ವರ್ಷಕ್ಕೆ 93,600 ಡಾಲರ್. ನರ್ಸ್ ಪ್ರ್ಯಾಕ್ಟೀಷನರ್, ಅರಿವಳಿಕೆ ನರ್ಸ್, ಮಿಡ್‌ವೈಫ್ ಮೂವರನ್ನೂ ಸೇರಿಸಿದರೆ 1,32,050. ಈ ಎರಡನೇ ಅಂಕಿಯನ್ನು ತೋರಿಸಿ "ಮಾಸ್ಟರ್ಸ್ ಮಾಡಿದರೆ ಇಷ್ಟು" ಅಂತ ಹೇಳುವವರಿದ್ದಾರೆ. ನೀವು ನೋಡುತ್ತಿರುವ ಕೋರ್ಸಿಗೆ ಅನ್ವಯಿಸುವುದು ಮೊದಲನೇ ಅಂಕಿ.

ಹಾಗಂತ ಎಂಎಸ್‌ಎನ್‌ನಿಂದ ಏನೂ ಪ್ರಯೋಜನ ಇಲ್ಲ ಅನ್ನುವುದಿಲ್ಲ. ಮುಂದೆ ನರ್ಸ್ ಪ್ರ್ಯಾಕ್ಟೀಷನರ್ ಆಗಬೇಕು ಅಂದಾಗ ಪೂರ್ತಿ ಮಾಸ್ಟರ್ಸ್ ಮತ್ತೆ ಮಾಡುವ ಬದಲು ಅದಕ್ಕಿಂತ ಚಿಕ್ಕದಾದ ಪೋಸ್ಟ್-ಮಾಸ್ಟರ್ಸ್ ಸರ್ಟಿಫಿಕೇಟ್ ಸಾಕಾಗುತ್ತದೆ. ಮುಂದೆ ಪಾಠ ಮಾಡುವ ಆಸೆ ಇದ್ದರೆ ಮಾಸ್ಟರ್ಸ್ ಬೇಕೇ ಬೇಕು, ಜೊತೆಗೆ ವಾರ್ಡಿನ ಅನುಭವವೂ ಬೇಕು. ಇವು ನಿಜವಾದ ಲಾಭಗಳೇ. ಆದರೆ ಎಬಿಎಸ್‌ಎನ್ ಮಾಡಿದವರಿಗೆ ಇವುಗಳಲ್ಲಿ ಯಾವ ಬಾಗಿಲೂ ಮುಚ್ಚುವುದಿಲ್ಲ. ಆರ್‌ಎನ್ ಆಗಿ ಸಂಬಳ ತೆಗೆದುಕೊಳ್ಳುತ್ತಲೇ ಮಾಸ್ಟರ್ಸ್ ಮಾಡಬಹುದು. ನಿಮ್ಮ ಹತ್ತಿರದ ಯುಟಿ ಆರ್ಲಿಂಗ್ಟನ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆನ್‌ಲೈನ್ ಪಾಠ ಕೇಳಿಕೊಂಡು ಓದುವ ನರ್ಸುಗಳು ಎಷ್ಟೋ ಜನ ಇದ್ದಾರೆ. ದೊಡ್ಡ ಆಸ್ಪತ್ರೆಗಳು ಓದುವ ನೌಕರರ ಫೀಸಿನಲ್ಲಿ ಒಂದು ಪಾಲನ್ನು ತಾವೇ ಕೊಡುತ್ತವೆ. ವರ್ಷಕ್ಕೆ 5,250 ಡಾಲರ್‌ವರೆಗೆ ಅದಕ್ಕೆ ನಿಮಗೆ ಟ್ಯಾಕ್ಸ್ ಕೂಡ ಇಲ್ಲ. ಇನ್ನೊಂದು ಮಾತು. ವಾರ್ಡಿಗೆ ಕಾಲಿಡುವ ಮೊದಲು ಎಲ್ಲರೂ ಫ್ಯಾಮಿಲಿ ಪ್ರ್ಯಾಕ್ಟೀಸ್ ಅನ್ನುತ್ತಾರೆ. ಒಂದು ವರ್ಷ ಕಳೆದ ಮೇಲೆ ಒಬ್ಬರಿಗೆ ಐಸಿಯು ಹುಚ್ಚು ಹತ್ತಿರುತ್ತದೆ, ಇನ್ನೊಬ್ಬರಿಗೆ ಹೆರಿಗೆ ವಾರ್ಡ್ ಬಿಟ್ಟು ಬರಲು ಮನಸ್ಸಿರುವುದಿಲ್ಲ. ಅರಿವಳಿಕೆ ನರ್ಸ್ ಆಗಬೇಕು ಅನ್ನಿಸಿದರೆ ಕನಿಷ್ಠ ಒಂದು ವರ್ಷ ಐಸಿಯು ಥರದ ಕಡೆ ಕೆಲಸ ಮಾಡಿರಲೇಬೇಕು, ಈಗ ಅದಕ್ಕೆ ಡಾಕ್ಟರೇಟ್ ಕೋರ್ಸೇ ಆಗಬೇಕು. ಅಲ್ಲಿ ನಿಮ್ಮ ಸಾಮಾನ್ಯ ಎಂಎಸ್‌ಎನ್ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಈಗ ದುಡ್ಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಒಂದು ಪೆನ್ನು ಇಟ್ಟುಕೊಳ್ಳಿ.

ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ಫೆಡರಲ್ ಸಾಲ, ಅಂದರೆ ಅಮೆರಿಕ ಸರ್ಕಾರದ ವಿದ್ಯಾಭ್ಯಾಸ ಸಾಲ ಸಿಗುತ್ತದೆ. ಗಂಡನ ಕೆಲಸದ ಮೇಲೆ ಸಿಗುವ ಎಚ್-4 ವೀಸಾದಲ್ಲಿ ಇದ್ದಿದ್ದರೆ ಇದು ಇರುತ್ತಿರಲಿಲ್ಲ, ಆ ಮಟ್ಟಿಗೆ ಒಳ್ಳೆಯ ಸ್ಥಿತಿಯಲ್ಲಿದ್ದೀರಿ. ಮದುವೆಯಾಗಿರುವುದರಿಂದ ನಿಮ್ಮನ್ನು ಸ್ವತಂತ್ರ ವಿದ್ಯಾರ್ಥಿ ಅಂತ ಲೆಕ್ಕ ಹಾಕುತ್ತಾರೆ. ಎರಡನೇ ಬ್ಯಾಚುಲರ್ಸ್‌ಗೆ ಪೆಲ್ ಗ್ರಾಂಟ್ (ತೀರಿಸಬೇಕಿಲ್ಲದ ಸರ್ಕಾರಿ ನೆರವು) ಸಿಗುವುದಿಲ್ಲ, ಸಾಲ ಮಾತ್ರ ಸಿಗುತ್ತದೆ. ಅದು ವರ್ಷಕ್ಕೆ 12,500 ಡಾಲರ್, ಜೀವಮಾನದ ಮಿತಿ 57,500. 15 ತಿಂಗಳ ಕೋರ್ಸು ಎರಡು ಶೈಕ್ಷಣಿಕ ವರ್ಷಗಳಲ್ಲಿ ಹರಡಿಕೊಂಡಿದ್ದರೆ 25,000 ಸಿಗಬಹುದು. ಉಳಿದ 20,000 ನೀವು ಹೊಂದಿಸಬೇಕು.

ಎಂಎಸ್‌ಎನ್ ಕಡೆ ಮೊದಲಾದರೆ ಗ್ರಾಜುಯೇಟ್ ಪ್ಲಸ್ ಅನ್ನುವ ಸಾಲ ಇತ್ತು, ಫೀಸು ಎಷ್ಟಿದ್ದರೂ ಅಷ್ಟನ್ನೂ ಕೊಡುತ್ತಿದ್ದರು. 2025ರ ಜುಲೈನಲ್ಲಿ ಬಂದ ಕಾನೂನು ಅದನ್ನು ನಿಲ್ಲಿಸಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಅದು ಇಲ್ಲ. ಈಗ ಮಾಸ್ಟರ್ಸ್‌ಗೆ ವರ್ಷಕ್ಕೆ 20,500, ಒಟ್ಟು 1,00,000 ಡಾಲರ್ ಮಿತಿ. ವೈದ್ಯಕೀಯ, ಕಾನೂನಿನಂಥ "ವೃತ್ತಿಪರ" ಡಿಗ್ರಿಗಳಿಗೆ ವರ್ಷಕ್ಕೆ 50,000 ಇಟ್ಟಿದ್ದಾರೆ. 2025ರ ನವೆಂಬರಿನಲ್ಲಿ ಶಿಕ್ಷಣ ಇಲಾಖೆ ಮುಂದಿಟ್ಟ ಕರಡಿನಲ್ಲಿ ನರ್ಸಿಂಗ್ ಆ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲಿನ ನರ್ಸುಗಳು ಅದಕ್ಕೆ ಸಿಟ್ಟಾದರು, ನಾನೂ ಆದೆ. ಆ ನಿಯಮ ನೀವು ಸೇರುವ ಹೊತ್ತಿಗೆ ಹೇಗಿದೆ ಅಂತ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. 20,500ರ ಲೆಕ್ಕವೇ ಹಿಡಿದರೆ ಎರಡು ವರ್ಷಕ್ಕೆ 41,000. ಉಳಿಯುವುದು 69,000 ಡಾಲರ್, ಅದನ್ನು ಖಾಸಗಿ ಬ್ಯಾಂಕಿನಿಂದ ತರಬೇಕು.

ಕಂತು ಲೆಕ್ಕ ಹಾಕೋಣ. 2025-26ರ ಫೆಡರಲ್ ಬಡ್ಡಿ ಬ್ಯಾಚುಲರ್ಸ್‌ಗೆ 6.39, ಮಾಸ್ಟರ್ಸ್‌ಗೆ 7.94 ಪರ್ಸೆಂಟ್. ಖಾಸಗಿ ಸಾಲಕ್ಕೆ 10 ಅಂತ ಇಟ್ಟುಕೊಳ್ಳಿ, 10 ವರ್ಷದ ಅವಧಿ. ಎಬಿಎಸ್‌ಎನ್‌ಗೆ ಪೂರ್ತಿ ಸಾಲವೇ ಮಾಡಿದರೂ ತಿಂಗಳಿಗೆ ಸುಮಾರು 550 ಡಾಲರ್ ಕಟ್ಟಬೇಕು. ಎಂಎಸ್‌ಎನ್‌ಗೆ ಸುಮಾರು 1,400. ಓದುವಾಗಲೇ ಬೆಳೆಯುವ ಬಡ್ಡಿಯನ್ನು ಇದರಲ್ಲಿ ಹಿಡಿದಿಲ್ಲ. ತಿಂಗಳಿಗೆ 850 ಡಾಲರ್ ವ್ಯತ್ಯಾಸ, 10 ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ಅದೂ ಇಬ್ಬರಿಗೂ ಒಂದೇ ಸಂಬಳ ಬರುವಾಗ.

ಫೀಸಿನ ಪಟ್ಟಿಯಲ್ಲಿ ಕಾಣದ ಇನ್ನೊಂದು ಖರ್ಚು ಸಮಯ. ಎಂಎಸ್‌ಎನ್ 5 ತಿಂಗಳು ಜಾಸ್ತಿ. ತಿಂಗಳಿಗೆ 7,800ರಂತೆ 39,000 ಡಾಲರ್ ದುಡಿಮೆ ಹೋಯಿತು, ಟ್ಯಾಕ್ಸ್ ಕಳೆಯುವ ಮೊದಲು. ಇದೇ ಲೆಕ್ಕವನ್ನು ಕಮ್ಯುನಿಟಿ ಕಾಲೇಜಿಗೂ ಹಾಕಿ. ಅಲ್ಲಿನ ಎಡಿಎನ್, ಅಂದರೆ ನರ್ಸಿಂಗ್ ಅಸೋಸಿಯೇಟ್ ಡಿಗ್ರಿಯ ಫೀಸು ನಿಮ್ಮ ಎರಡು ಕೋರ್ಸುಗಳ ಮುಂದೆ ತುಂಬ ಕಡಿಮೆ. ಬರೆಯುವುದು ಅದೇ ಎನ್‌ಕ್ಲೆಕ್ಸ್, ಸಿಗುವುದು ಅದೇ ಲೈಸೆನ್ಸು. ಆದರೆ ಸೇರುವ ಮೊದಲು ಓದಿರಬೇಕಾದ ವಿಷಯಗಳನ್ನು ಮುಗಿಸಿದ ಮೇಲೆ ಎರಡು ವರ್ಷ ಬೇಕು. ಸೀಟಿಗೆ ಪೈಪೋಟಿ ಇರುತ್ತದೆ, ಕೆಲವು ಕಡೆ ಕಾಯಬೇಕಾಗುತ್ತದೆ. ಎಬಿಎಸ್‌ಎನ್‌ಗಿಂತ 9 ತಿಂಗಳು ತಡ ಅಂದರೆ ಸುಮಾರು 70,000 ಡಾಲರ್ ದುಡಿಮೆ ತಡ. ಮೇಲಾಗಿ ಡಲ್ಲಾಸಿನಂಥ ದೊಡ್ಡ ಊರಿನ ಆಸ್ಪತ್ರೆಗಳು ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ಸ್) ಇರುವವರನ್ನು ಮೊದಲು ಕರೆಯುತ್ತವೆ. ನ್ಯೂಯಾರ್ಕಿನಲ್ಲಂತೂ ಲೈಸೆನ್ಸ್ ಸಿಕ್ಕ 10 ವರ್ಷದೊಳಗೆ ಬಿಎಸ್‌ಎನ್ ಮಾಡಲೇಬೇಕು ಅಂತ 2017ರಲ್ಲಿ ಕಾನೂನೇ ಆಯಿತು. ಹಾಗಾಗಿ ಫೀಸು ಕಡಿಮೆ ಅಂದ ಮಾತ್ರಕ್ಕೆ ಒಟ್ಟು ಖರ್ಚು ಕಡಿಮೆ ಆಗಿಬಿಡುವುದಿಲ್ಲ. ಒಂದು ರೂಪಾಯಿ ಸಾಲವೂ ಬೇಡ ಅನ್ನುವವರಿಗೆ ಮಾತ್ರ ಎಡಿಎನ್ ಬಹಳ ಒಳ್ಳೆಯ ದಾರಿ. ನಾನು ಕಂಡ ಅತ್ಯುತ್ತಮ ನರ್ಸುಗಳಲ್ಲಿ ಎಷ್ಟೋ ಜನ ಅದೇ ದಾರಿಯಲ್ಲಿ ಬಂದವರು.

ಸಾಲ ಮನ್ನಾದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸರ್ಕಾರಿ ಅಥವಾ ಲಾಭರಹಿತ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ 120 ಕಂತು ಕಟ್ಟಿದರೆ ಉಳಿದ ಫೆಡರಲ್ ಸಾಲ ಮನ್ನಾ ಆಗುವ ಯೋಜನೆ ಇದೆ. ನರ್ಸ್ ಕೋರ್ ಅನ್ನುವ ಇನ್ನೊಂದರಲ್ಲಿ, ನರ್ಸುಗಳ ಕೊರತೆ ಇರುವ ಕಡೆ ಎರಡು ವರ್ಷ ದುಡಿದರೆ ನರ್ಸಿಂಗ್ ಸಾಲದ 60 ಪರ್ಸೆಂಟ್ ತೀರಿಸುತ್ತಾರೆ. ಗ್ರೀನ್ ಕಾರ್ಡ್ ಇರುವವರೂ ಅರ್ಜಿ ಹಾಕಬಹುದು, ಆದರೆ ಎಲ್ಲರಿಗೂ ಸಿಗುವುದಿಲ್ಲ. ಮೊದಲನೆಯದು ಫೆಡರಲ್ ಸಾಲಕ್ಕೆ ಮಾತ್ರ. ಖಾಸಗಿಯವರಿಂದ ತಂದ 69,000ಕ್ಕೆ ಅದು ಮುಟ್ಟುವುದಿಲ್ಲ. ಕಾಯಿಲೆ ಬಿದ್ದರೂ, ಕೆಲಸ ಹೋದರೂ ಖಾಸಗಿ ಸಾಲದವರು ಫೆಡರಲ್‌ನವರಷ್ಟು ಹೊಂದಿಕೊಳ್ಳುವುದಿಲ್ಲ. ನನಗೆ ಭಯ ಇರುವುದು ಆ 69,000ದ ಬಗ್ಗೆಯೇ.

ಈಗ ಮನೆಯ ಮಾತು. ಆಸ್ಪತ್ರೆಯಲ್ಲಿ ಆರೂಮುಕ್ಕಾಲಿಗೆ ನಿಲ್ಲಬೇಕಾದರೆ ಮನೆಯಿಂದ ಐದೂಮುಕ್ಕಾಲಿಗೆ ಹೊರಡಬೇಕು. ಆಗ ಮಗಳು ಮಲಗಿರುತ್ತಾಳೆ. ಶಾಲೆಯ ಬಸ್ಸಿಗೆ ಹತ್ತಿಸುವವರು ಯಾರು? ಯಜಮಾನರಿಗೆ ವಾರಕ್ಕೆ ಎಷ್ಟು ದಿನ ಆಫೀಸು? ನಮ್ಮವರಲ್ಲಿ ಬಹಳ ಜನ "ಅಮ್ಮ ಬರ್ತಾರೆ" ಅನ್ನುತ್ತಾರೆ. ಅಮ್ಮ ವಿಸಿಟರ್ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ 6 ತಿಂಗಳು ಇರುತ್ತಾರೆ, ಕೋರ್ಸು 15 ತಿಂಗಳು. ಉಳಿದ 9 ತಿಂಗಳ ಏರ್ಪಾಡನ್ನು ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ಓದುತ್ತ ಕೆಲಸ ಮಾಡುತ್ತೇನೆ ಅನ್ನುವ ಲೆಕ್ಕವನ್ನಂತೂ ಬಿಟ್ಟುಬಿಡಿ. ನಾಲ್ಕು ವರ್ಷದ್ದನ್ನು 15 ತಿಂಗಳಿಗೆ ಹಿಂಡಿರುತ್ತಾರೆ. ವಾರಕ್ಕೆ ಎರಡು ಪರೀಕ್ಷೆ ಬರುತ್ತದೆ. ಬಹಳಷ್ಟು ಕಡೆ 75ಕ್ಕಿಂತ ಕಡಿಮೆ ಬಂದರೆ ಫೇಲು, ಎರಡು ವಿಷಯದಲ್ಲಿ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಹೊರಗೆ ಬಂದರೂ ಸಾಲ ಹಾಗೇ ಉಳಿಯುತ್ತದೆ.

ಪರೀಕ್ಷೆಯ ರೀತಿಯೂ ನಮಗೆ ಹೊಸದು. ನಾವು ಪುಸ್ತಕ ಬಾಯಿಪಾಠ ಮಾಡಿ ಬೆಳೆದವರು, ಅಲ್ವಾ? ಇಲ್ಲಿ ಹೀಗೆ ಕೇಳುತ್ತಾರೆ: ನಿಮಗೆ ನಾಲ್ಕು ಪೇಷಂಟ್. ಒಬ್ಬರಿಗೆ ಆಪರೇಷನ್ ಆಗಿದೆ, ನೋವು ಹತ್ತಕ್ಕೆ ಎಂಟು. ಒಬ್ಬರು ಡಿಸ್ಚಾರ್ಜಿಗೆ ಕಾಯುತ್ತಿದ್ದಾರೆ, ಮಗ ಕೂಗಾಡುತ್ತಿದ್ದಾನೆ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಒಬ್ಬರಿಗೆ ಆಕ್ಸಿಜನ್ 90 ಇದೆ. ಒಬ್ಬರು ಸಕ್ಕರೆ ಕಾಯಿಲೆಯವರು, ಬೆವರುತ್ತಿದ್ದಾರೆ, ಶುಗರ್ 58. ಮೊದಲು ಯಾರ ಹತ್ತಿರ ಹೋಗುತ್ತೀರಿ? ಬೆವರುತ್ತಿರುವವರ ಹತ್ತಿರ. ನೋವು ನಿಜ, ಕೂಗಾಟ ಜೋರು, ಆದರೆ ಶುಗರ್ ಇನ್ನೂ ಇಳಿದರೆ ಪ್ರಜ್ಞೆ ಹೋಗುತ್ತದೆ. ಆಕ್ಸಿಜನ್ 90 ಅನ್ನುವುದು ಆ ಸಿಒಪಿಡಿ ಪೇಷಂಟಿಗೆ ದಿನನಿತ್ಯದ ಮಟ್ಟ ಇರಬಹುದು. ನಾಲ್ಕೂ ಸಂಗತಿ ಪುಸ್ತಕದಲ್ಲಿ ಇದೆ, ಮೊದಲು ಯಾರು ಅನ್ನುವುದು ಪುಸ್ತಕದಲ್ಲಿ ಇಲ್ಲ. ನಮ್ಮ ಕಡೆಯಿಂದ ಬಂದ ಚುರುಕು ವಿದ್ಯಾರ್ಥಿಗಳೂ ಮೊದಲ ತಿಂಗಳು ಇಂಥ ಪ್ರಶ್ನೆಗಳಲ್ಲಿ ಬೀಳುತ್ತಾರೆ, ಆಮೇಲೆ ಚೇತರಿಸಿಕೊಳ್ಳುತ್ತಾರೆ. 15 ತಿಂಗಳ ಕೋರ್ಸಿನಲ್ಲಿ ಆ ಒಂದು ತಿಂಗಳು ದೊಡ್ಡದು. ಸೇರುವ ಮೊದಲೇ ಒಂದು ಎನ್‌ಕ್ಲೆಕ್ಸ್ ಪ್ರಶ್ನೆ ಪುಸ್ತಕ ತಂದು ದಿನಕ್ಕೆ ಹತ್ತು ಪ್ರಶ್ನೆ ಮಾಡಿ.

ಷರತ್ತಿನ ಸೀಟು ಅಂದಿರಿ, ಅದರಲ್ಲಿ ನಿಮ್ಮ ಮೂರು ವರ್ಷದ ಬಿಎಸ್ಸಿ ವಿಷಯ ಇದ್ದೇ ಇರುತ್ತದೆ. "ಭಾರತದ ಮೂರು ವರ್ಷದ ಡಿಗ್ರಿ ಅಮೆರಿಕದಲ್ಲಿ ನಡೆಯಲ್ಲ" ಅನ್ನುವ ಮಾತು ಅರ್ಧ ನಿಜ. ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಡಬ್ಲ್ಯೂಇಎಸ್, ಇಸಿಇಯಂಥ ಸಂಸ್ಥೆಗಳು ನಿಮ್ಮ ಅಂಕಪಟ್ಟಿಯನ್ನು ವಿಷಯವಾರು ತೂಗಿ ವರದಿ ಕೊಡುತ್ತವೆ. ಕಾಲೇಜಿನ ನ್ಯಾಕ್ ಗ್ರೇಡು, ನಿಮ್ಮ ಕ್ಲಾಸು ಕೂಡ ಲೆಕ್ಕಕ್ಕೆ ಬರಬಹುದು. ಯಾವ ಸಂಸ್ಥೆಯ ವರದಿ ಬೇಕು ಅಂತ ಕಾಲೇಜನ್ನೇ ಕೇಳಿ, ಆಮೇಲೆ ದುಡ್ಡು ಕಟ್ಟಿ. ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ತರಿಸಲು ಊರಿನಲ್ಲಿ ಯಾರಾದರೂ ಓಡಾಡಬೇಕಾಗುತ್ತದೆ, ಅದಕ್ಕೇ ಒಂದೆರಡು ತಿಂಗಳು ಇಟ್ಟುಕೊಳ್ಳಿ. ಮಾಸ್ಟರ್ಸ್ ಕಡೆ ಈ ವಿಷಯದಲ್ಲಿ ಸಾಮಾನ್ಯವಾಗಿ ಬಿಗಿ ಜಾಸ್ತಿ. ಎಡಿಎನ್‌ಗೆ ಹಳೆಯ ಡಿಗ್ರಿಯೇ ಬೇಕಾಗಿಲ್ಲ, ಅಲ್ಲಿ ಈ ತಲೆನೋವು ಕಡಿಮೆ. ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಅಂಕಿಅಂಶ ಶಾಸ್ತ್ರ ಇವನ್ನು ಐದು ಅಥವಾ ಏಳು ವರ್ಷದೊಳಗೆ ಓದಿರಬೇಕು ಅಂತ ಬಹಳ ಕಡೆ ನಿಯಮ ಇದೆ. 2012ರ ಅಂಕಪಟ್ಟಿ ಅಲ್ಲಿ ಸಾಲದು. ಇವನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿ, ಅದಕ್ಕೆ ಅದಕ್ಕಿಂತ ಅಗ್ಗದ ಜಾಗ ಇಲ್ಲ. ಇನ್ನೊಂದು ಚಿಕ್ಕ ವಿಷಯ. ಕ್ಲಿನಿಕಲ್ಸ್‌ಗೆ, ಅಂದರೆ ಆಸ್ಪತ್ರೆಯಲ್ಲಿನ ತರಬೇತಿಗೆ, ಮೊದಲು ಟಿಬಿ ಪರೀಕ್ಷೆ ಮಾಡುತ್ತಾರೆ. ಚಿಕ್ಕಂದಿನಲ್ಲಿ ನಮಗೆಲ್ಲ ತೋಳಿಗೆ ಬಿಸಿಜಿ ಚುಚ್ಚಿದ ಗುರುತಿದೆ. ಅದರಿಂದ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು. ರಕ್ತ ಪರೀಕ್ಷೆಯೇ ಮಾಡಿ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಎಕ್ಸ್-ರೇ, ಡಾಕ್ಟರ ಪತ್ರ ಅಂತ ಎರಡು ವಾರ ಹೋಗುತ್ತದೆ.

ಎರಡೂ ಕಾಲೇಜುಗಳನ್ನು ತೂಗುವಾಗ ಹೆಸರು ನೋಡಬೇಡಿ, ಆಸ್ಪತ್ರೆ ನೋಡಿ. ಟೆಕ್ಸಾಸ್ ನರ್ಸಿಂಗ್ ಬೋರ್ಡ್ ಪ್ರತಿ ಕಾಲೇಜಿನ ಎನ್‌ಕ್ಲೆಕ್ಸ್ ಫಲಿತಾಂಶವನ್ನು ಬಹಿರಂಗವಾಗಿ ಹಾಕುತ್ತದೆ. ಮೊದಲ ಸಲ ಬರೆದವರಲ್ಲಿ 80 ಪರ್ಸೆಂಟಿಗಿಂತ ಕಡಿಮೆ ಪಾಸಾದರೆ ಬೋರ್ಡು ಆ ಕಾಲೇಜಿನಿಂದ ವಿವರಣೆ ಕೇಳುತ್ತದೆ. ಆದರೆ ಆ ಅಂಕಿಯೊಂದನ್ನೇ ನಂಬಬೇಡಿ. ದುರ್ಬಲ ವಿದ್ಯಾರ್ಥಿಗಳನ್ನು ಮಧ್ಯದಲ್ಲೇ ಬಿಡಿಸಿಬಿಟ್ಟರೆ ಉಳಿದವರ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ. "ಸೇರಿದ ನೂರು ಜನರಲ್ಲಿ ಸಮಯಕ್ಕೆ ಸರಿಯಾಗಿ ಎಷ್ಟು ಜನ ಮುಗಿಸಿದರು?" ಅಂತ ಕೇಳಿ. ಕೊನೆಯಲ್ಲಿ ಕಾಲೇಜಿನದೇ ಒಂದು ಪರೀಕ್ಷೆ ಇಟ್ಟು, ಅದರಲ್ಲಿ ಪಾಸಾಗದವರನ್ನು ಎನ್‌ಕ್ಲೆಕ್ಸ್‌ಗೆ ಬಿಡದೆ ತಡೆಯುತ್ತಾರಾ ಅಂತಲೂ ಕೇಳಿ. ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇಲ್ಲದಿದ್ದರೆ ಮುಂದೆ ಮಾಸ್ಟರ್ಸ್‌ಗೆ ತೊಂದರೆ, ಅದನ್ನು ಮೊದಲ ದಿನವೇ ನೋಡಿಕೊಳ್ಳಿ. ಕ್ಲಿನಿಕಲ್ಸ್ ಯಾವ ಯಾವ ಆಸ್ಪತ್ರೆಯಲ್ಲಿ, ಮನೆಯಿಂದ ಎಷ್ಟು ಮೈಲಿ, ಯಾವ ಪಾಳಿ ಅನ್ನುವುದೂ ಮುಖ್ಯ. ನನಗೆ ಗೊತ್ತಿರುವ ಒಬ್ಬ ತಾಯಿ ದುಬಾರಿ ಫೀಸು ಕೊಟ್ಟು ಸೇರಿದ ಕಡೆ ಹೆರಿಗೆ ವಾರ್ಡಿನ ಕ್ಲಿನಿಕಲ್ಸ್ 90 ಮೈಲಿ ಆಚೆ ಬಿತ್ತು. ರಾತ್ರಿ ಮೋಟೆಲ್‌ನಲ್ಲಿ ಉಳಿದು, ಮಗುವಿಗೆ ವಿಡಿಯೋ ಕಾಲ್‌ನಲ್ಲಿ ಕಥೆ ಹೇಳಿ ಮಲಗಿಸುತ್ತಿದ್ದರು. ಮುಗಿಸಿದರು, ಆದರೆ ಆ ಖರ್ಚು ಯಾವ ಫೀಸಿನ ಪಟ್ಟಿಯಲ್ಲೂ ಇರಲಿಲ್ಲ. ಹತ್ತಿರದ ಒಳ್ಳೆಯ ಆಸ್ಪತ್ರೆಯಲ್ಲಿ ಕಲಿತರೆ ಇನ್ನೊಂದು ಅನುಕೂಲ ಇದೆ. ಅಲ್ಲಿನ ಮ್ಯಾನೇಜರ್ ನಿಮ್ಮ ಕೆಲಸ ಕಣ್ಣಾರೆ ನೋಡಿರುತ್ತಾರೆ, ಎಷ್ಟೋ ಜನರಿಗೆ ಮೊದಲ ಕೆಲಸ ಸಿಗುವುದು ಹಾಗೆಯೇ.

ನಾದಿನಿಯವರ ಸಲಹೆ ಪ್ರೀತಿಯಿಂದ ಬಂದದ್ದು, ಆದರೆ ನಡೆಯುವುದಿಲ್ಲ. ನಮ್ಮಲ್ಲಿ ಎಂಎಸ್ಸಿ ನರ್ಸಿಂಗ್‌ಗೆ ಸೇರಲು ಬಿಎಸ್ಸಿ ನರ್ಸಿಂಗ್ ಆಗಿರಲೇಬೇಕು, ಜೊತೆಗೆ ಒಂದು ವರ್ಷದ ಅನುಭವ. ಬೇರೆ ಡಿಗ್ರಿಯವರಿಗೆ ಇಲ್ಲಿನ ಹಾಗೆ ಹತ್ತಿರದ ದಾರಿ ಇಲ್ಲ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮೊದಲಿಂದ ಮಾಡಬೇಕು. ಮಗಳನ್ನು, ಗ್ರೀನ್ ಕಾರ್ಡನ್ನು ಬಿಟ್ಟು ನಾಲ್ಕು ವರ್ಷ ಬೆಂಗಳೂರಿನಲ್ಲಿ ಕೂರುವ ಮಾತೇ ಬೇಡ.

ಅಪ್ಪನ ಸೈಟು. ಇದನ್ನು ಬರೆಯುವಾಗ ನನಗೆ ನನ್ನ ಅಪ್ಪ ನೆನಪಾದರು. ಎಬಿಎಸ್‌ಎನ್ ಆರಿಸಿದರೆ ಆ ಸೈಟು ಮಾರುವ ಅಗತ್ಯವೇ ಬರಲಿಕ್ಕಿಲ್ಲ. ಕೊರತೆ ಬೀಳುವ 20,000 ಡಾಲರ್‌ಗೆ ನಿಮ್ಮ ಉಳಿತಾಯ, ಕಾಲೇಜಿನ ಸ್ಕಾಲರ್‌ಶಿಪ್, ತಿಂಗಳ ಕಂತಿನಲ್ಲಿ ಫೀಸು ಕಟ್ಟುವ ಸೌಲಭ್ಯ ಇವುಗಳಿಂದಲೇ ದಾರಿ ಸಿಗುತ್ತದೆ. ಎಂಎಸ್‌ಎನ್ ಆರಿಸಿದರೆ ಸೈಟು ಹೋಗುತ್ತದೆ. ಅದರ ಮೇಲೆ ಲಾಭದ ತೆರಿಗೆ ಬರುತ್ತದೆ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿ ಕಳಿಸಿದರೆ ಬ್ಯಾಂಕಿನವರು ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಬೇರೆ ಹಿಡಿಯುತ್ತಾರೆ. ಆ ಸೈಟು ಅವರ ಮುಪ್ಪಿನ ಕಾಲದ ಧೈರ್ಯ. ಅದನ್ನು ಅವರ ಹತ್ತಿರವೇ ಇರಲು ಬಿಡಿ ಅಂತ ಕೇಳಿಕೊಳ್ಳುತ್ತೇನೆ.

ನನ್ನ ತಂಗಿಯೇ ಕೇಳಿದ್ದರೆ 45,000ದ ಎಬಿಎಸ್‌ಎನ್ ಅನ್ನುತ್ತಿದ್ದೆ, ಅದರ ಫಲಿತಾಂಶ ಮತ್ತು ಆಸ್ಪತ್ರೆಗಳು ಚೆನ್ನಾಗಿದ್ದರೆ. ಎಂಎಸ್‌ಎನ್‌ನವರು ದೊಡ್ಡ ಸ್ಕಾಲರ್‌ಶಿಪ್ ಕೊಟ್ಟು ಫೀಸು 55,000, 60,000ದ ಹತ್ತಿರಕ್ಕೆ ಇಳಿಸಿದರೆ ಆಗ ಮತ್ತೆ ಕೂತು ಲೆಕ್ಕ ಹಾಕಬಹುದು. ಕೇಳಿ ನೋಡಿ, ಸಂಕೋಚ ಬೇಡ. ಸೀಟು ಸಿಕ್ಕ ಮೇಲೆ ಕೇಳಿದವರಿಗೆ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಯಜಮಾನರಿಗೆ ಆ 550 ಮತ್ತು 1,400ರ ಲೆಕ್ಕ ತೋರಿಸಿ. ಅವರು ಮಾಸ್ಟರ್ಸ್ ಅನ್ನುತ್ತಿರುವುದು ನಿಮ್ಮ ಮೇಲಿನ ಗೌರವದಿಂದಲೇ ಇರಬೇಕು.

ಡೆಪಾಸಿಟ್ ಕಟ್ಟುವ ಕೊನೆಯ ದಿನ ಯಾವುದು ಅಂತ ನೀವು ಬರೆದಿಲ್ಲ. ಎರಡೂ ಕಡೆ ಈಮೇಲ್ ಮಾಡಿ, ಡಿಗ್ರಿಯ ವರದಿ ಬರುವವರೆಗೆ ಸಮಯ ಕೊಡಿ ಅಂತ ಕೇಳಿ. ಆ ನಡುವೆ ಒಂದು ಕೆಲಸ ಮಾಡಿ. ಟೆಕ್ಸಾಸಿನಲ್ಲಿ ನರ್ಸ್ ಏಡ್ ತರಬೇತಿ 100 ಗಂಟೆಯದ್ದು, ಅದರಲ್ಲಿ 40 ಗಂಟೆ ವೃದ್ಧಾಶ್ರಮದಂಥ ಕಡೆ ಪೇಷಂಟ್‌ಗಳ ಜೊತೆಯೇ ಇರುತ್ತೀರಿ. ಮಲಗಿದಲ್ಲೇ ಇರುವ ಒಬ್ಬ ಅಜ್ಜಿಯನ್ನು ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಹಾಸಿಗೆ ಬದಲಿಸಿ, ಬಾಯಿಗೆ ಗಂಜಿ ಕೊಟ್ಟು ನೋಡಿ. ಅವತ್ತು ಸಂಜೆ ಮನೆಗೆ ಬಂದಾಗ ಸೊಂಟ ನೋಯುತ್ತಿರುತ್ತದೆ. ಆದರೂ ಮಾರನೇ ದಿನ ಆ ಅಜ್ಜಿ ಹೇಗಿದ್ದಾರೋ ಅಂತ ಬೇಗ ಎದ್ದು ಹೋಗಬೇಕು ಅನ್ನಿಸಿದರೆ, ಡೆಪಾಸಿಟ್ ಕಟ್ಟಿ.